ಕಂಪ್ರೆಸರ್ ದೋಷಲಿಂಗ ಮೀಮಾಂಸೆ

ವಿಷಯಾಧಿಕರಣ

ಮನೆಯ ಎಸಿಯ ಕಂಪ್ರೆಸರ್ ಕ್ಷೀಣಿಸುತ್ತಿದೆಯೆಂದು ಯಾವ ಲಿಂಗಗಳಿಂದ ಅನುಮಾನಿಸಬೇಕು, ಲಿಂಗದಂತೆ ತೋರಿ ಲಿಂಗವಲ್ಲದ ಆಭಾಸಗಳು ಯಾವುವು, ಅನುಮಾನವು ನಿರ್ಣಯದ ಪದವಿಗೆ ಏರುವುದು ಎಲ್ಲಿ ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರ್ಯ. ಪ್ರಯೋಜನ ದ್ವಿವಿಧ. ನಿರ್ದುಷ್ಟವಾದ ಕಂಪ್ರೆಸರನ್ನು ಕೆಟ್ಟಿದೆಯೆಂದು ಭ್ರಮಿಸಿ ತೆಗೆಸದಿರುವುದು ಮೊದಲನೆಯದು. ಕೆಡತೊಡಗಿದ ಕಂಪ್ರೆಸರನ್ನು ಪೂರ್ಣನಾಶಕ್ಕೆ ಮುನ್ನವೇ ಗುರುತಿಸಿ ಕಾರಣವನ್ನು ನಿವಾರಿಸುವುದು ಎರಡನೆಯದು. ಅಧಿಕಾರಿಗಳೂ ಇಬ್ಬರು. ಮನೆಯವರಿಗೆ ವೀಕ್ಷಣೆಯಲ್ಲಿ ಅಧಿಕಾರ. ಮೆಕ್ಯಾನಿಕ್‌ಗೆ ಮಾಪನದಲ್ಲಿ ಅಧಿಕಾರ. ಈ ಎರಡರ ಗಡಿ ಯಾವುದೆಂಬುದು ಮುಂದೆ ನಿರೂಪಿತವಾಗುತ್ತದೆ.

ವಿಚಾರದ ಕ್ಷೇತ್ರವು ಒಂದರಿಂದ ಎರಡು ಟನ್ನಿನ ಸ್ಪ್ಲಿಟ್ ಎಸಿ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಸಾಮರ್ಥ್ಯ. ದೃಷ್ಟಾಂತಕ್ಕೆ ಆರ್-32 ಗ್ಯಾಸ್ ತುಂಬಿದ, ಸ್ಥಿರವೇಗದ ರೋಟರಿ ಕಂಪ್ರೆಸರ್ ಇರುವ 1.5 ಟನ್ನಿನ ಯಂತ್ರವನ್ನು ಗ್ರಹಿಸಲಾಗಿದೆ. ಇನ್ವರ್ಟರ್ ಎಸಿಯಲ್ಲಿ ಭೇದವಿರುವೆಡೆ ಅದನ್ನು ಪ್ರತ್ಯೇಕವಾಗಿ ಹೇಳಲಾಗುವುದು.

ಲಕ್ಷಣಾಧಿಕರಣ

ಕಂಪ್ರೆಸರ್ ಎಂದರೇನು? ತಂಪನ್ನುಂಟುಮಾಡುವ ಅಂಗವೆಂದರೆ ಅತಿವ್ಯಾಪ್ತಿ. ಒಳಗಿನ ಕಾಯಿಲ್‌ಗೂ ಆ ಲಕ್ಷಣ ಅನ್ವಯಿಸುತ್ತದೆ. ಔಟ್‌ಡೋರ್ ಯೂನಿಟ್ಟಿನಲ್ಲಿ ಸದ್ದು ಮಾಡುವ ಅಂಗವೆಂದರೂ ಅತಿವ್ಯಾಪ್ತಿಯೇ. ಫ್ಯಾನೂ ಸದ್ದು ಮಾಡುತ್ತದೆ. ಪಿಸ್ಟನ್ ಇರುವ ಯಂತ್ರವೆಂದರೆ ಅವ್ಯಾಪ್ತಿ. ಇಂದಿನ ಮನೆಯ ಎಸಿಗಳಲ್ಲಿ ಬಹುಪಾಲು ಇರುವ ರೋಟರಿ ಜಾತಿಗೆ ಆ ಲಕ್ಷಣ ತಗಲುವುದೇ ಇಲ್ಲ. ಆದ್ದರಿಂದ ಲಕ್ಷಣ ಹೀಗೆ: ಅಲ್ಪ ಒತ್ತಡದ ಶೀತಕಬಾಷ್ಪವನ್ನು ಹೀರಿ, ಅಧಿಕ ಒತ್ತಡಕ್ಕೆ ಏರಿಸಿ, ಶೀತಕವು ಚಕ್ರದಲ್ಲಿ ಪ್ರವಹಿಸುವಂತೆ ಮಾಡುವ ಅಂಗವೇ ಕಂಪ್ರೆಸರ್. ಆರ್-32 ಯಂತ್ರ ಸುಸ್ಥಿತಿಯಲ್ಲಿ ಓಡುವಾಗ ಹೀರುವ ಕಡೆಯ ಒತ್ತಡ ಸುಮಾರು 120ರಿಂದ 145 ಪಿಎಸ್‌ಐ, ತಳ್ಳುವ ಕಡೆಯದು 400 ಪಿಎಸ್‌ಐಯ ಆಸುಪಾಸು. ಯಂತ್ರ ನಿಂತು, ಹವೆ 30 ಡಿಗ್ರಿ ಇರುವಾಗ ಎರಡೂ ಕಡೆ ಸಮವಾಗಿ 265 ಪಿಎಸ್‌ಐಯ ಸಮೀಪ ನಿಲ್ಲುತ್ತದೆ. ನಿಂತಾಗಿನ ಈ ಸಾಮ್ಯವನ್ನು ಓಡುವಾಗಿನ ವೈಷಮ್ಯವಾಗಿ ಮಾರ್ಪಡಿಸುವುದೇ ಕಂಪ್ರೆಸರಿನ ಅಸಾಧಾರಣ ಧರ್ಮ. ಅದರ ದೋಷವೆಂದರೆ ಆ ವೈಷಮ್ಯವನ್ನುಂಟುಮಾಡುವ ಶಕ್ತಿಯ ಹ್ರಾಸ ಅಥವಾ ಲೋಪ.

ಈ ದೋಷಲಕ್ಷಣಕ್ಕೆ ಒಂದು ವಿಶೇಷಣವನ್ನು ಕೂಡಿಸಲೇಬೇಕು: ವಿಹಿತ ವಿದ್ಯುತ್ತು, ವಿಹಿತ ಪ್ರಮಾಣದ ಗ್ಯಾಸ್, ವಿಹಿತ ಗಾಳಿಯ ಸಂಚಾರ ಈ ಮೂರೂ ಇದ್ದಾಗ್ಯೂ ಶಕ್ತಿ ಕುಗ್ಗಿರಬೇಕು. ಈ ವಿಶೇಷಣವನ್ನು ಬಿಟ್ಟರೆ ಸ್ಟೆಬಿಲೈಸರಿನ ದೋಷ, ಪೈಪಿನ ಸೋರಿಕೆ, ಫಿಲ್ಟರಿನ ಧೂಳು ಎಲ್ಲವೂ ಕಂಪ್ರೆಸರಿನ ದೋಷವೆಂದೇ ಗಣಿತವಾಗುವ ಪ್ರಸಂಗ ಬರುತ್ತದೆ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಬಳಸುವವರಿಗೆ ಬೇಕಾದದ್ದು ತಂಪು. ತಂಪಿಲ್ಲದಿರುವಿಕೆ ಯಾವ ಅಂಗದಿಂದ ಬಂದರೂ ಸಂಕಟ ಒಂದೇ; ಅಂಗಭೇದದ ಈ ವಿವೇಚನೆ ನಿಷ್ಫಲ. ಸಮಾಧಾನ: ಸಂಕಟ ಒಂದೇ ಆದರೂ ಪರಿಹಾರ ಒಂದಲ್ಲ. ಕೆಪಾಸಿಟರ್ ಕೆಲವು ನೂರು ರೂಪಾಯಿಯ ವಸ್ತು. ಕಂಪ್ರೆಸರ್ ಹಲವು ಸಾವಿರದ್ದು. ಅಲ್ಲದೆ ಮನೆಯ ಕಂಪ್ರೆಸರ್ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೋಶ. ಅದನ್ನು ಕೊಯ್ದು ರಿಪೇರಿ ಮಾಡುವ ಪದ್ಧತಿ ಇಲ್ಲ, ಬದಲಾಯಿಸುವುದೊಂದೇ ದಾರಿ. ಹಿಂತೆಗೆಯಲಾಗದ ಕ್ರಿಯೆಗೆ ಮೂಲವಾಗುವ ನಿರ್ಣಯದಲ್ಲಿ ಅಂಗವಿವೇಕವೇ ಮುಖ್ಯ ಪುರುಷಾರ್ಥ.

ವಿಭಾಗಾಧಿಕರಣ

ದೋಷವು ತ್ರಿವಿಧ: ಬಲಕ್ಷಯ, ಸ್ತಂಭ, ಸುರುಳಿದೋಷ. ಒಳಗಿನ ವೇನ್, ರೋಲರ್, ವಾಲ್ವ್‌ಗಳು ಸವೆದು, ಒತ್ತಿದ ಬಾಷ್ಪವು ಒಳಗೊಳಗೇ ಹಿಂದಕ್ಕೆ ಸೋರಿದರೆ ಬಲಕ್ಷಯ. ಅಲ್ಲಿ ಮೋಟಾರು ತಿರುಗುತ್ತದೆ, ಕಾರ್ಯ ನಡೆಯುವುದಿಲ್ಲ. ಎಣ್ಣೆಯ ಅಭಾವದಿಂದಲೋ ಲೋಹಚೂರ್ಣದಿಂದಲೋ ತಿರುಗುವ ಭಾಗವೇ ಹಿಡಿದುಕೊಂಡರೆ ಸ್ತಂಭ; ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ಜಾಮ್. ತಾಮ್ರದ ಸುರುಳಿಯ ಕೆಡುಕೇ ಸುರುಳಿದೋಷ. ಅದು ಪುನಃ ಮೂರು ಬಗೆ: ಸುರುಳಿ ತುಂಡಾಗುವ ಛೇದ, ನಿರೋಧಕ ಲೇಪ ಸುಟ್ಟು ಸುತ್ತುಗಳು ಪರಸ್ಪರ ತಾಗುವ ಶಾರ್ಟ್, ಸುರುಳಿಯು ಲೋಹಕೋಶವನ್ನೇ ತಾಗುವ ಭೂಸ್ಪರ್ಶ.

ಅಸ್ವಾಭಾವಿಕ ಸದ್ದನ್ನು ನಾಲ್ಕನೆಯ ದೋಷವೆಂದು ಕೆಲವರು ಎಣಿಸುವರು. ಅದು ಸಲ್ಲದು. ಸದ್ದು ದೋಷದ ಕಾರ್ಯ. ಕಾರ್ಯವನ್ನು ಕಾರಣದ ಸಾಲಿನಲ್ಲಿ ಎಣಿಸಿದರೆ ವಿಭಾಗ ಸಂಕೀರ್ಣವಾಗುತ್ತದೆ. ಅವಸ್ಥೆಯ ದೃಷ್ಟಿಯಿಂದ ಇನ್ನೊಂದು ವಿಭಾಗವುಂಟು. ಶಕ್ತಿ ಕುಗ್ಗಿಯೂ ಕಾರ್ಯ ನಡೆಯುತ್ತಿರುವಾಗ ಪೂರ್ವರೂಪ, ಕಾರ್ಯವೇ ನಿಂತಾಗ ರೂಪ. ಪೂರ್ವರೂಪ, ರೂಪ, ಉಪಶಯ ಎಂಬ ಈ ಪರಿಭಾಷೆ ಆಯುರ್ವೇದದ ನಿದಾನಪಂಚಕದ್ದು. ಔಷಧವನ್ನೋ ಪಥ್ಯವನ್ನೋ ಪ್ರಯೋಗಿಸಿ ನೋಡಿ ವ್ಯಾಧಿಯನ್ನು ತಿಳಿಯುವುದು ಉಪಶಯ. ಯಂತ್ರದೋಷದ ವಿಚಾರಕ್ಕೂ ಈ ಮೂರು ಪದಗಳು ಯಥಾವತ್ತಾಗಿ ಸಲ್ಲುತ್ತವೆ.

ಸಾಧಾರಣಲಿಂಗಾಧಿಕರಣ

ಲಿಂಗಗಳು ಸಾಧಾರಣ, ವಿಶೇಷ, ನಿರ್ಣಾಯಕ ಎಂದು ಮೂರು ಅಂತಸ್ತಿನವು. ಕಂಪ್ರೆಸರ್ ಕೆಟ್ಟಾಗಲೂ ಕೆಡದಿರುವಾಗಲೂ ತೋರುವುದು ಸಾಧಾರಣ. ಕೋಣೆ ತಣ್ಣಗಾಗದಿರುವುದು, ತಣ್ಣಗಾಗಲು ಬಹುಕಾಲ ಹಿಡಿಯುವುದು, ವಿದ್ಯುತ್ ಬಿಲ್ ಏರುವುದು, ಯಂತ್ರವು ಆಗಾಗ ನಿಂತು ಮತ್ತೆ ಹೊರಡುವುದು ಈ ವರ್ಗದವು.

ತಂಪಿಲ್ಲದೆಡೆ ಕಂಪ್ರೆಸರಿನ ದೋಷವಿದೆ ಎಂಬ ವ್ಯಾಪ್ತಿಯನ್ನು ಪೂರ್ವಪಕ್ಷಿ ಮುಂದಿಡುತ್ತಾನೆ. ಈ ವ್ಯಾಪ್ತಿ ಸೋಪಾಧಿಕ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಹೇಳಲಾಗದು, ಹೊಗೆಗೆ ಹಸಿಕಟ್ಟಿಗೆಯೂ ಬೇಕು ಎಂಬುದು ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹಾಗೆಯೇ ತಂಪಿಲ್ಲದಿರುವಿಕೆಯಿಂದ ಕಂಪ್ರೆಸರನ್ನು ಅನುಮಾನಿಸಬೇಕಾದರೆ ಗ್ಯಾಸ್, ಗಾಳಿ, ವಿದ್ಯುತ್ತುಗಳು ಸರಿಯಿರುವುದೆಂಬ ಉಪಾಧಿ ಮೊದಲು ಸಿದ್ಧವಾಗಬೇಕು. ದೇಶಭೇದವನ್ನೂ ಗಮನಿಸಬೇಕು. ಎಸಿಯ ಸಾಮರ್ಥ್ಯವನ್ನು ನಿಗದಿಪಡಿಸುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಎಂಬ ಮಾನದಲ್ಲಿ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಹೊರಗಿನ ಉಷ್ಣ 40 ಡಿಗ್ರಿ ದಾಟಿದಾಗ ಸುಸ್ಥಿತಿಯ ಯಂತ್ರವೂ ತನ್ನ ಅಂಕಿತ ಸಾಮರ್ಥ್ಯಕ್ಕಿಂತ ಕಡಿಮೆಯನ್ನೇ ಕೊಡುತ್ತದೆ. ಅದು ಸ್ವಭಾವ, ದೋಷವಲ್ಲ. ಒಳಗಿನ ಯೂನಿಟ್ ಹೀರುವ ಗಾಳಿಗೂ ಊದುವ ಗಾಳಿಗೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರವಿರಬೇಕು. ಮಂಗಳೂರಿನಂಥ ತೇವದ ಕರಾವಳಿಯಲ್ಲಿ ಯಂತ್ರಶಕ್ತಿಯ ದೊಡ್ಡ ಪಾಲು ಗಾಳಿಯ ನೀರನ್ನು ಇಳಿಸುವುದಕ್ಕೇ ವ್ಯಯವಾಗುವುದರಿಂದ ಈ ಅಂತರ ಕಿರಿದಾಗುತ್ತದೆ. ಅಂತರ ಕಿರಿದಾಗಿ ಡ್ರೈನ್ ಪೈಪಿನಿಂದ ನೀರು ಧಾರಾಳವಾಗಿ ಸುರಿಯುತ್ತಿದ್ದರೆ ಕಂಪ್ರೆಸರ್ ದುಡಿಯುತ್ತಿದೆಯೆಂದೇ ತಿಳಿಯಬೇಕು.

ಇನ್ನೊಂದು ಪೂರ್ವಪಕ್ಷ ವಯಸ್ಸಿನದು: ಯಂತ್ರಕ್ಕೆ ಹತ್ತು ವರ್ಷವಾಗಿದೆ, ಆದ್ದರಿಂದ ಕಂಪ್ರೆಸರೇ ಹೋಗಿರಬೇಕು ಎಂಬುದು. ಉತ್ತರ: ಕಾಲವು ಸಮಸ್ತ ಕಾರ್ಯಗಳಿಗೂ ಸಾಧಾರಣ ಕಾರಣ. ಹತ್ತು ವರ್ಷ ಕಂಪ್ರೆಸರಿಗೆ ಆದಂತೆಯೇ ಕೆಪಾಸಿಟರಿಗೂ ಫ್ಯಾನಿನ ಮೋಟಾರಿಗೂ ಪೈಪಿನ ಜೋಡಣೆಗೂ ಆಗಿದೆ. ಎಲ್ಲಕ್ಕೂ ಸಮಾನವಾದದ್ದು ಒಂದನ್ನು ಬೇರ್ಪಡಿಸಿ ತೋರಿಸಲಾರದು.

ಸದ್ದು ಕೇಳುತ್ತಿಲ್ಲ, ಆದ್ದರಿಂದ ಕಂಪ್ರೆಸರ್ ಓಡುತ್ತಿಲ್ಲ ಎಂಬುದು ಅನುಪಲಬ್ಧಿಯನ್ನು ಆಶ್ರಯಿಸಿದ ವಾದ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ, ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸಂದರ್ಭದಲ್ಲಿ ಮಾತ್ರ ಕಾಣದಿರುವಿಕೆ ಅಭಾವಕ್ಕೆ ಪ್ರಮಾಣ. ಕೋಣೆ ನಿಗದಿತ ಉಷ್ಣಕ್ಕೆ ಇಳಿದಾಗ ಸ್ಥಿರವೇಗದ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ. ಇನ್ವರ್ಟರಿನದು ನಿಂತಿತೋ ಎಂಬಷ್ಟು ಮಂದಗತಿಗೆ ಇಳಿಯುತ್ತದೆ. ನಿಂತ ಕಂಪ್ರೆಸರನ್ನು ಎರಡೂ ಕಡೆಯ ಒತ್ತಡ ಸಮವಾಗುವವರೆಗೆ ಸುಮಾರು ಮೂರು ನಿಮಿಷ ಹೊರಡಗೊಡದ ವ್ಯವಸ್ಥೆಯೂ ಉಂಟು. ಆದ್ದರಿಂದ ರಿಮೋಟಿನಲ್ಲಿ ಉಷ್ಣವನ್ನು 18 ಡಿಗ್ರಿಗೆ ಇಳಿಸಿ, ಐದು ನಿಮಿಷ ಕಾದು, ಔಟ್‌ಡೋರ್ ಯೂನಿಟ್ಟಿನ ಬಳಿಯೇ ನಿಂತು ಕೇಳಿದ ಮೌನ ಮಾತ್ರ ಪ್ರಮಾಣ.

ವಿಶೇಷಲಿಂಗಾಧಿಕರಣ

ಕೆಲವೇ ಕಾರಣಗಳನ್ನು ಉಳಿಸಿ ಮಿಕ್ಕವನ್ನು ಬದಿಗೆ ಸರಿಸುವುದು ವಿಶೇಷಲಿಂಗ. ಇವುಗಳಲ್ಲಿ ಪ್ರಧಾನವಾದದ್ದು ಗುಂಯ್‌ಕಾರ. ಔಟ್‌ಡೋರ್ ಯೂನಿಟ್ಟಿನ ಫ್ಯಾನು ತಿರುಗತೊಡಗುತ್ತದೆ. ಒಡನೆ ಕೆಳಗಿನಿಂದ ಒತ್ತಿಹಿಡಿದಂಥ ಗುಂಯ್ ಸದ್ದು ಹೊರಡುತ್ತದೆ. ಕೆಲವು ಸೆಕೆಂಡುಗಳ ತರುವಾಯ ಟಕ್ ಎಂದು ಸದ್ದು ಕಡಿದುಹೋಗುತ್ತದೆ. ಫ್ಯಾನು ಮಾತ್ರ ತಿರುಗುತ್ತಲೇ ಇರುತ್ತದೆ. ಕೆಲವು ನಿಮಿಷ ಕಳೆದು ಇದೇ ಕ್ರಮ ಪುನರಾವೃತ್ತವಾಗುತ್ತದೆ. ಗುಂಯ್ ಎನ್ನುವಾಗ ಸುರುಳಿಗೆ ವಿದ್ಯುತ್ತು ತಲಪಿದೆ, ರೋಟರ್ ತಿರುಗಿಲ್ಲ. ಟಕ್ ಎಂಬುದು ಓವರ್‌ಲೋಡ್ ಪ್ರೊಟೆಕ್ಟರ್ ಸಂಪರ್ಕವನ್ನು ಕಡಿದ ಸದ್ದು. ಆ ಕ್ಷಣದಲ್ಲಿ ತಂತಿಗೆ ಕ್ಲ್ಯಾಂಪ್ ಮೀಟರ್ ಹಿಡಿದರೆ ಸಹಜವಾಗಿ 7–8 ಆಂಪಿಯರ್ ಇರಬೇಕಾದ ಪ್ರವಾಹ ಅದರ ಐದಾರು ಪಟ್ಟಿಗೆ ನೆಗೆದಿರುತ್ತದೆ.

ಇದು ಸ್ತಂಭದ ರೂಪವೆಂದು ಪೂರ್ವಪಕ್ಷ. ಸಂಶಯಕ್ಕೆ ಎಡೆಯಿದೆ, ಏಕೆಂದರೆ ಕೆಪಾಸಿಟರ್ ಬಲಗುಂದಿದಾಗಲೂ ಹೊರಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದಾಗಲೂ ರೂಪ ಇದೇ. ಇಲ್ಲಿ ಉಪಶಯವೇ ಶರಣು. ಸ್ಥಿರವೇಗದ ಯಂತ್ರದಲ್ಲಿ, ಕೆಪಾಸಿಟರಿನ ಮೇಲೆ ಮುದ್ರಿತವಾದಷ್ಟೇ ಮೈಕ್ರೋಫ್ಯಾರಡ್‌ನ ಹೊಸದೊಂದನ್ನು ಜೋಡಿಸಿ ನೋಡಬೇಕು. ಹೊರಡುವ ಕ್ಷಣದ ವೋಲ್ಟೇಜನ್ನು ಕಂಪ್ರೆಸರಿಗೆ ಹೋಗುವ ತಂತಿಯಲ್ಲೇ ಅಳೆಯಬೇಕು. ಸ್ಟೆಬಿಲೈಸರಿನ ಮುಖದ ಮೇಲಿನ ಅಂಕಿ ಸಾಲದು. ಎರಡೂ ಸರಿಯಿದ್ದು ಗುಂಯ್‌ಕಾರ ಮುಂದುವರಿದರೆ ಸ್ತಂಭವು ಬಲವಾದ ಸಂಭಾವನೆಯಾಗುತ್ತದೆ.

ಎರಡನೆಯ ವಿಶೇಷಲಿಂಗ ಎಂಸಿಬಿಯ ಪತನ. ಅದರ ಕಾಲವೇ ಅದರ ಅರ್ಥ. ಸ್ವಿಚ್ ಹಾಕಿ ಕಂಪ್ರೆಸರಿಗೆ ವಿದ್ಯುತ್ತು ಹೋದ ಕ್ಷಣದಲ್ಲೇ ಬಿದ್ದರೆ ಭೂಸ್ಪರ್ಶ ಅಥವಾ ಶಾರ್ಟ್. ಕೆಲವು ಸೆಕೆಂಡು ಗುಂಯ್‌ಗುಟ್ಟಿ ಬಿದ್ದರೆ ಸ್ತಂಭವರ್ಗ. ಅರ್ಧ ಗಂಟೆ ಓಡಿ ಮಧ್ಯಾಹ್ನದ ಉರಿಯಲ್ಲಿ ಬಿದ್ದರೆ ಉಷ್ಣವಿಸರ್ಜನೆಯ ಕುಂದು ಅಥವಾ ಎಂಸಿಬಿಯದೇ ದೌರ್ಬಲ್ಯ. ಮೊದಲನೆಯದರಲ್ಲಿಯೂ ಆಭಾಸವುಂಟು, ತಂತಿ, ಫ್ಯಾನಿನ ಮೋಟಾರು, ಸರ್ಕಿಟ್ ಬೋರ್ಡುಗಳಲ್ಲಿ ಯಾವುದು ಭೂಮಿಯನ್ನು ತಾಗಿದರೂ ಎಂಸಿಬಿ ಬೀಳುತ್ತದೆ. ಸ್ಥಿರವೇಗದ ಯಂತ್ರದಲ್ಲಿ ಕಂಪ್ರೆಸರಿನ ತಂತಿಗಳನ್ನು ಬಿಡಿಸಿ, ಪ್ರತ್ಯೇಕಿಸಿ, ಮತ್ತೆ ಸ್ವಿಚ್ ಹಾಕಿದಾಗ ಎಂಸಿಬಿ ನಿಂತರೆ ದೋಷ ಕಂಪ್ರೆಸರಿನ ಕಡೆ. ಆಗಲೂ ಬಿದ್ದರೆ ಅನ್ಯತ್ರ. ಅನ್ವಯ ವ್ಯತಿರೇಕಗಳ ನಿರ್ಮಲ ಪ್ರಯೋಗವಿದು.

ಮೂರನೆಯದು ಲೋಹಧ್ವನಿ. ಟಣಟಣ, ಗರಗರ ಸದ್ದು ನಿರ್ಣಾಯಕವೆಂಬ ಮತವನ್ನು ಅಂಗೀಕರಿಸಲಾಗದು. ಸಡಿಲವಾದ ಬೋಲ್ಟ್, ಜಡ್ಡುಗಟ್ಟಿದ ರಬ್ಬರ್ ಬುಷ್, ತಗಡಿಗೆ ತಾಗುವ ಪೈಪ್, ಬಾಗಿದ ಫ್ಯಾನ್ ಎಲೆ ಎಲ್ಲವೂ ಅಂಥದೇ ಸದ್ದು ಹೊರಡಿಸುತ್ತವೆ. ಭೇದಕ ಇಷ್ಟು: ಹೊರಗಿನ ತಗಡನ್ನು ಅಂಗೈಯಿಂದ ಒತ್ತಿದಾಗ ಸದ್ದು ಬದಲಾದರೆ ದೋಷ ಬಾಹ್ಯ, ಬದಲಾಗದೆ, ಹೊರೆ ಏರಿದಂತೆ ತಾನೂ ಏರುವ ಒಳಗಿನ ಕುಟ್ಟಿದಂಥ ಸದ್ದಾದರೆ ಆಭ್ಯಂತರ.

ನಾಲ್ಕನೆಯದು ಒತ್ತಡ, ಪ್ರವಾಹ, ಹಿಮ ಈ ಮೂರರ ಸಂಯೋಗ. ಇದೇ ಸರ್ವಶ್ರೇಷ್ಠ ಭೇದಕ, ಏಕೆಂದರೆ ಗ್ಯಾಸ್ ಕಡಿಮೆಯಾಗುವುದು ಮತ್ತು ಬಲಕ್ಷಯ ಎಂಬ ಎರಡು ಅವಸ್ಥೆಗಳನ್ನು ಬೀದಿಯ ವ್ಯವಹಾರದಲ್ಲಿ ಅತ್ಯಧಿಕವಾಗಿ ಬೆರೆಸಲಾಗುತ್ತದೆ. ಎರಡರಲ್ಲಿಯೂ ತಂಪಿಲ್ಲ, ಎರಡರಲ್ಲಿಯೂ ಪ್ರವಾಹ ಸಹಜಕ್ಕಿಂತ ಕಡಿಮೆ. ಆದರೆ ಗ್ಯಾಸ್ ಕಡಿಮೆಯಾದಾಗ ಹೀರುವ ಕಡೆಯ ಒತ್ತಡವೂ ಕಡಿಮೆ, ತೆಳು ಪೈಪಿನ ಮೇಲೆ ಹಿಮ. ಬಲಕ್ಷಯದಲ್ಲಿ ಹೀರುವ ಕಡೆಯ ಒತ್ತಡ ಸಹಜಕ್ಕಿಂತ ಹೆಚ್ಚು. ಬಾಷ್ಪವನ್ನು ಹೀರಿ ಖಾಲಿಮಾಡುವ ಶಕ್ತಿಯೇ ಇಲ್ಲವಷ್ಟೆ. ಹಿಮವಿಲ್ಲ, ಎರಡೂ ಪೈಪುಗಳು ಬಹುತೇಕ ಬೆಚ್ಚಗೆ. ಫಿಲ್ಟರ್ ಕಟ್ಟಿದಾಗ ಒತ್ತಡ ಕಡಿಮೆ, ಒಳಗಿನ ಕಾಯಿಲಿಗೆಲ್ಲ ಮಂಜು, ದಪ್ಪ ಪೈಪಿನ ಮೇಲೂ ಹಿಮ. ಹೊರಗಿನ ಕಾಯಿಲ್ ಧೂಳಿನಿಂದ ಮುಚ್ಚಿದಾಗ ಅಥವಾ ಹೊರಗಿನ ಫ್ಯಾನ್ ನಿಂತಾಗ ಒತ್ತಡವೂ ಹೆಚ್ಚು, ಪ್ರವಾಹವೂ ಹೆಚ್ಚು. ಒತ್ತಡ ಹೆಚ್ಚಿ ಪ್ರವಾಹ ಕುಗ್ಗುವುದು ಬಲಕ್ಷಯದ ಅಸಾಧಾರಣ ಮುದ್ರೆ. ಬಲಕ್ಷಯವನ್ನು ಗ್ಯಾಸಿನ ಕೊರತೆಯೆಂದು ಬಗೆದು ಮತ್ತಷ್ಟು ಗ್ಯಾಸ್ ತುಂಬುವುದು ವಿಪರೀತ ಚಿಕಿತ್ಸೆ.

ನಿರ್ಣಾಯಕಾಧಿಕರಣ

ಸುರುಳಿದೋಷದಲ್ಲಿ ಮೀಟರೇ ಪ್ರಮಾಣ. ಕಂಪ್ರೆಸರಿನ ನೆತ್ತಿಯ ಮುಚ್ಚಳವನ್ನು ಬಿಚ್ಚಿದರೆ ಮೂರು ಕಡ್ಡಿಗಳು: ಕಾಮನ್, ರನ್, ಸ್ಟಾರ್ಟ್. ತಂತಿಗಳನ್ನು ಕಳಚಿ ಎರಡೆರಡರ ನಡುವೆ ರೋಧವನ್ನು ಅಳೆದರೆ ಮೂರು ಅಂಕಿಗಳು ದೊರೆಯುತ್ತವೆ. ಕಾಮನ್–ರನ್ ನಡುವೆ ಕನಿಷ್ಠ, ಕಾಮನ್–ಸ್ಟಾರ್ಟ್ ನಡುವೆ ಮಧ್ಯಮ, ರನ್–ಸ್ಟಾರ್ಟ್ ನಡುವೆ ಗರಿಷ್ಠ. ಗರಿಷ್ಠವು ಉಳಿದೆರಡರ ಮೊತ್ತಕ್ಕೆ ಸಮ. ಉದಾಹರಣೆಗೆ 1.5 ಓಮ್, 2.5 ಓಮ್, 4 ಓಮ್. ಮೊತ್ತ ತಪ್ಪಿದರೆ ಶಾರ್ಟಿನ ಶಂಕೆ. ಅನಂತ ತೋರಿದರೆ ಛೇದದ ಶಂಕೆ. ಇನ್ವರ್ಟರ್ ಕಂಪ್ರೆಸರಿನಲ್ಲಿ ಮೂರೂ ಅಂಕಿಗಳು ಸಮ. ಅವು ಸಮವಾಗಿದ್ದು, ಭೂಸ್ಪರ್ಶವೂ ಇಲ್ಲದೆ ಯಂತ್ರ ಹೊರಡದಿದ್ದರೆ ಶಂಕೆ ಮೊದಲು ಸರ್ಕಿಟ್ ಬೋರ್ಡಿನ ಮೇಲೆ ಹೋಗಬೇಕು. ಪರದೆಯಲ್ಲಿ ಮೂಡುವ ಎರರ್ ಕೋಡ್ ಕಂಪೆನಿಯಿಂದ ಕಂಪೆನಿಗೆ ಭಿನ್ನವಾದ ಸಂಕೇತ; ಅದು ಶಂಕೆಯ ದಿಕ್ಕನ್ನು ತೋರಿಸೀತು, ದೋಷವನ್ನು ಸಿದ್ಧಪಡಿಸದು.

ಅಳತೆಯಲ್ಲಿಯೂ ಆಭಾಸವಿದೆ. ಕಾಮನ್‌ನಿಂದ ರನ್‌ಗೂ ಅನಂತ, ಕಾಮನ್‌ನಿಂದ ಸ್ಟಾರ್ಟ್‌ಗೂ ಅನಂತ, ಆದರೆ ರನ್–ಸ್ಟಾರ್ಟ್ ನಡುವೆ 4 ಓಮ್ ಎಂದು ತೋರಿತೆಂದು ಭಾವಿಸೋಣ. ಕಾಮನ್ ತುಂಡಾಗಿದೆ, ಕಂಪ್ರೆಸರ್ ನಷ್ಟವಾಗಿದೆ ಎಂದು ಪೂರ್ವಪಕ್ಷಿ ಘೋಷಿಸುತ್ತಾನೆ. ಕೋಶದೊಳಗೇ ಓವರ್‌ಲೋಡ್ ಪ್ರೊಟೆಕ್ಟರ್ ಇರುವ ಜಾತಿಯಲ್ಲಿ ಈ ಘೋಷಣೆ ಅವಸರದ್ದು. ಆ ಪ್ರೊಟೆಕ್ಟರ್ ಕಾಮನ್‌ನ ದಾರಿಯಲ್ಲೇ ಕುಳಿತಿರುತ್ತದೆ. ಕೋಶ ಕಾದು ಅದು ತೆರೆದುಕೊಂಡಾಗ ಅಳತೆ ಇದೇ ರೀತಿ ತೋರುತ್ತದೆ. ಕೋಶವನ್ನು ಕೈತಾಗುವಷ್ಟು ತಣಿಯಲು ಬಿಟ್ಟು, ಅಗತ್ಯವಾದರೆ ಹಲವು ಗಂಟೆ ಕಾದು, ಪುನಃ ಅಳೆಯಬೇಕು. ಅಂಕಿಗಳು ಮರಳಿದರೆ ಸುರುಳಿ ನಿರ್ದುಷ್ಟ. ಕೋಶ ಏಕೆ ಕಾಯಿತೆಂಬುದು ಆಗಿನ ಪ್ರಶ್ನೆ.

ಭೂಸ್ಪರ್ಶಕ್ಕೆ ಮೆಗರ್ ಎಂಬ ಉಪಕರಣ. 500 ವೋಲ್ಟಿನಲ್ಲಿ ಸುರುಳಿಗೂ ಕೋಶಕ್ಕೂ ನಡುವಿನ ನಿರೋಧವನ್ನು ಅಳೆದಾಗ ಅನೇಕ ಮೆಗಾಓಮ್ ತೋರಬೇಕು. ಶೂನ್ಯದ ಸಮೀಪಕ್ಕೆ ಇಳಿದರೆ ಭೂಸ್ಪರ್ಶ. ಮಧ್ಯಸ್ಥ ಅಂಕಿ ತೋರಿದಾಗ ಒಡನೆ ತೀರ್ಪು ಕೊಡಬಾರದು. ಬಹುದಿನ ನಿಂತ ಯಂತ್ರದಲ್ಲಿ ದ್ರವರೂಪದ ಶೀತಕವು ಎಣ್ಣೆಯಲ್ಲಿ ಸೇರಿ ಅಳತೆಯನ್ನು ಇಳಿಸುತ್ತದೆ. ನಿರ್ವಾತ ಮಾಡಿದ ಸ್ಥಿತಿಯಲ್ಲಿ ಮೆಗರ್ ಪ್ರಯೋಗ ನಿಷಿದ್ಧ. ಒಳಗೆ ಕಿಡಿ ಹಾರಿ ನಿರ್ದುಷ್ಟವಾದದ್ದೇ ದುಷ್ಟವಾದೀತು.

ಆಪ್ತಾಧಿಕರಣ

ಇಷ್ಟೆಲ್ಲ ಏಕೆ, ಮೆಕ್ಯಾನಿಕ್ ಬಂದು ಕಂಪ್ರೆಸರ್ ಹೋಗಿದೆ ಎಂದರೆ ಅದೇ ಶಬ್ದಪ್ರಮಾಣ ಎಂಬುದು ಮತ್ತೊಂದು ಪೂರ್ವಪಕ್ಷ. ವಸ್ತುವನ್ನು ಯಥಾರ್ಥವಾಗಿ ತಿಳಿದು, ತಿಳಿದಂತೆ ಹೇಳುವವನೇ ಆಪ್ತ; ಆಪ್ತವಾಕ್ಯ ಪ್ರಮಾಣವೆಂಬುದರಲ್ಲಿ ವಿವಾದವಿಲ್ಲ. ಆದರೆ ಪೂರ್ವಮೀಮಾಂಸೆಯ ಸ್ಮೃತಿಪಾದದಲ್ಲಿ ಹೇತುದರ್ಶನವೆಂಬ ವಿಚಾರವಿದೆ. ವೈಸರ್ಜನ ಹೋಮದ ವಸ್ತ್ರವು ಅಧ್ವರ್ಯುವಿಗೆ ಸಲ್ಲಬೇಕೆಂಬ ಸ್ಮೃತಿಗೆ ಲೋಭವೆಂಬ ದೃಷ್ಟಹೇತು ಕಾಣುವುದರಿಂದ ಅದು ಪ್ರಮಾಣವಾಗದೆಂದು ಭಾಷ್ಯಕಾರ ಶಬರಸ್ವಾಮಿಯ ನಿಲುವು. ಹೊಸ ಕಂಪ್ರೆಸರ್ ಮಾರುವವರೇ ಹಳೆಯದು ಸತ್ತಿದೆಯೆಂದು ಹೇಳುವಲ್ಲಿಯೂ ಹೇತು ದೃಷ್ಟವಾಗಿದೆ.

ಹಾಗಾದರೆ ಮೆಕ್ಯಾನಿಕ್‌ನ ಮಾತೆಲ್ಲ ಮಿಥ್ಯೆಯೋ? ಹಾಗೆ ಹೇಳುವುದು ಅತಿಪ್ರಸಂಗ, ಪ್ರಾಮಾಣಿಕವಾಗಿ ದುಡಿಯುವವರಿಗೆ ಅನ್ಯಾಯ. ಹೇತುದರ್ಶನದಿಂದ ಸಿದ್ಧವಾಗುವುದು ವಾಕ್ಯದ ಸ್ವತಂತ್ರ ಪ್ರಾಮಾಣ್ಯದ ಅಭಾವ ಮಾತ್ರ. ವಾಕ್ಯದ ಅಸತ್ಯತೆ ಅಲ್ಲ. ಅಂಥ ವಾಕ್ಯಕ್ಕೆ ಪ್ರಮಾಣಾಂತರದ ಬೆಂಬಲ ಬೇಕು. ಆದ್ದರಿಂದ ಮನೆಯವರು ಕೇಳಬೇಕಾದದ್ದು ಅಭಿಪ್ರಾಯವನ್ನಲ್ಲ, ಅಂಕಿಗಳನ್ನು: ಹೀರುವ ಕಡೆಯ ಒತ್ತಡ ಎಷ್ಟು, ಪ್ರವಾಹ ಎಷ್ಟು, ಹೊರಡುವಾಗಿನ ವೋಲ್ಟೇಜ್ ಎಷ್ಟು, ಕೆಪಾಸಿಟರ್ ಎಷ್ಟು ತೋರಿತು, ಮೂರು ಕಡ್ಡಿಗಳ ಅಳತೆ ಏನು, ಮೆಗರ್ ಏನು ಹೇಳಿತು. ತಿಳಿದ ಮೆಕ್ಯಾನಿಕ್ ಈ ಪ್ರಶ್ನೆಗಳನ್ನು ಗೌರವವೆಂದೇ ತೆಗೆದುಕೊಳ್ಳುತ್ತಾನೆ.

ಅಳತೆಯ ಈ ಜ್ಞಾನ ಮನೆಯವರಿಗೆ ವ್ಯರ್ಥ, ಅವರು ಅಳೆಯಲಾರರು ಎಂಬ ಆಕ್ಷೇಪಕ್ಕೂ ಇದರಿಂದಲೇ ಉತ್ತರ ದೊರೆಯಿತು. ಅಳೆಯುವ ಅಧಿಕಾರ ಬೇರೆ, ಅಳತೆಯನ್ನು ಕೇಳುವ ಅಧಿಕಾರ ಬೇರೆ. ಫಿಲ್ಟರ್ ತೊಳೆಯುವುದು, ಎಂಸಿಬಿ ಬಿದ್ದ ಹೊತ್ತನ್ನು ಗಮನಿಸುವುದು, ಸದ್ದಿನ ಕ್ರಮವನ್ನು ಕೇಳುವುದು, ಪೈಪಿನ ಮೇಲಿನ ಹಿಮವನ್ನು ಕಾಣುವುದು ಮನೆಯವರಿಗೆ ವಿಹಿತ. ಔಟ್‌ಡೋರ್ ಯೂನಿಟ್ಟಿನ ಮುಚ್ಚಳ ತೆರೆಯುವುದು ನಿಷಿದ್ಧ. ವಿದ್ಯುತ್ತನ್ನು ಕಡಿದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಾಂತಿಕ ವಿದ್ಯುದಂಶ ಉಳಿದಿರಬಹುದು. ಆರ್-32 ಮಂದವಾಗಿ ಹೊತ್ತಿಕೊಳ್ಳುವ ಅನಿಲ, ಆರ್-290 ತೀವ್ರವಾಗಿ ಹೊತ್ತಿಕೊಳ್ಳುವಂಥದು. ಎಂಸಿಬಿ ಕ್ಷಣಮಾತ್ರದಲ್ಲಿ ಬೀಳುತ್ತಿದ್ದರೆ ಅದನ್ನು ಮತ್ತೆ ಮತ್ತೆ ಎತ್ತಿ ನೋಡುವುದೂ ನಿಷಿದ್ಧವೇ.

ನಿದಾನಾಧಿಕರಣ

ಸತ್ತದ್ದು ಸತ್ತಿತು, ಕಾರಣದ ಶೋಧದಿಂದ ಏನು ಫಲ ಎಂಬ ಆಕ್ಷೇಪ ಉಳಿದಿದೆ. ಫಲವಿದೆ: ಕಾರಣ ಉಳಿದರೆ ಹೊಸ ಕಂಪ್ರೆಸರಿಗೂ ಅದೇ ಗತಿ. ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ದೀರ್ಘಕಾಲದ ಸೋರಿಕೆ. ಗ್ಯಾಸ್ ಕುಗ್ಗಿದಂತೆ ಒಳಗಿನ ಶಾಖವನ್ನು ಹೊತ್ತೊಯ್ಯುವ ಪ್ರವಾಹ ಕುಗ್ಗುತ್ತದೆ, ಅದರೊಡನೆ ಸಾಗುವ ಎಣ್ಣೆಯೂ ಮರಳಿ ಬರುವುದಿಲ್ಲ. ಎರಡನೆಯದು ಉಷ್ಣವಿಸರ್ಜನೆಯ ತಡೆ. ಅಪಾರ್ಟ್‌ಮೆಂಟಿನ ಗಾಳಿಯಾಡದ ಬಾಲ್ಕನಿಯ ಮೂಲೆಯಲ್ಲಿ ಕೂರಿಸಿದ ಔಟ್‌ಡೋರ್ ಯೂನಿಟ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಹೀರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಕಾಯಿಲಿನ ರೆಕ್ಕೆಗಳೇ ಕೊರೆದುಹೋಗುತ್ತವೆ. ಮೂರನೆಯದು ವೋಲ್ಟೇಜಿನ ಏರಿಳಿತ. ನಾಲ್ಕನೆಯದು ತೇವ. ಯಂತ್ರ ಜೋಡಿಸುವಾಗ ವ್ಯಾಕ್ಯೂಮ್ ಪಂಪ್ ಹಚ್ಚದೆ, ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಹೊರದೂಡುವ ಅಡ್ಡದಾರಿಯಿಂದ ಪೈಪಿನಲ್ಲಿ ನೀರಿನ ಅಂಶ ಉಳಿಯುತ್ತದೆ. ಹೊಸ ಗ್ಯಾಸುಗಳೊಡನೆ ಬಳಸುವ ಪಾಲಿಯೋಲೆಸ್ಟರ್ ಎಣ್ಣೆ ತೇವವನ್ನು ಬೇಗ ಹೀರಿ ಆಮ್ಲವಾಗಿ ಒಡೆಯುತ್ತದೆ. ಆಮ್ಲವು ಸುರುಳಿಯ ಲೇಪವನ್ನು ತಿನ್ನುತ್ತದೆ. ಸುರುಳಿ ಸುಟ್ಟ ಕಂಪ್ರೆಸರನ್ನು ತೆಗೆದಾಗ ಎಣ್ಣೆ ಕಪ್ಪಾಗಿ, ಕಟುಗಂಧದಿಂದ ಕೂಡಿರುವುದು ಇದರಿಂದಲೇ. ಆಗ ಪೈಪುಗಳನ್ನು ತೊಳೆಯದೆ, ಫಿಲ್ಟರ್ ಡ್ರೈಯರ್ ಬದಲಾಯಿಸದೆ, ವ್ಯಾಕ್ಯೂಮ್ ಮಾಡದೆ ಹೊಸದನ್ನು ಕೂರಿಸಿದರೆ ಉಳಿದ ಆಮ್ಲವೇ ಅದರ ಮೃತ್ಯುಬೀಜ.

ಪೂರ್ವರೂಪಗಳ ಮಹತ್ತ್ವ ಇಲ್ಲಿ ಪ್ರಕಟವಾಗುತ್ತದೆ. ಕಂಪ್ರೆಸರ್ ಹೊರಡುವಾಗ ಮನೆಯ ದೀಪಗಳು ಮೊದಲಿಗಿಂತ ಹೆಚ್ಚು ಮಂಕಾಗುವುದು, ಮಧ್ಯಾಹ್ನದಲ್ಲಿ ಮಾತ್ರ ನಿಂತು ರಾತ್ರಿ ಸರಿಯಾಗಿ ಓಡುವುದು, ಫ್ಲೇರ್ ನಟ್ಟಿನ ಬಳಿ ಎಣ್ಣೆಯ ಜಿಡ್ಡು ಕಾಣುವುದು, ಪ್ರವಾಹವು ನಾಮಫಲಕದ ಅಂಕಿಯನ್ನು ಮೀರುವುದು ಇವೆಲ್ಲ ಕಾರಣವಿನ್ನೂ ನಿವಾರ್ಯವಾಗಿರುವ ಅವಸ್ಥೆಯ ಲಿಂಗಗಳು. ಹೊಸ ಯಂತ್ರ ಕೂರಿಸಿದ ದಿನವೇ ಪ್ರವಾಹ, ಒತ್ತಡ, ಗಾಳಿಯ ಉಷ್ಣಾಂತರಗಳನ್ನು ಬರೆಸಿಟ್ಟುಕೊಂಡರೆ ಮುಂದಿನ ವರ್ಷಗಳ ಹೋಲಿಕೆಗೆ ದೃಢವಾದ ಆಧಾರ ದೊರೆಯುತ್ತದೆ.

ನಿರ್ಣಯಾಧಿಕರಣ

ಅಂತಿಮ ಸಂಶಯ: ಮಿಕ್ಕ ಕಾರಣಗಳನ್ನೆಲ್ಲ ನಿರಾಕರಿಸಿದ ಮೇಲೆ ಪರಿಶೇಷನ್ಯಾಯದಿಂದ ಕಂಪ್ರೆಸರಿನ ದೋಷ ತಾನಾಗಿ ಸಿದ್ಧವಾಗುವುದೇ? ಸಿದ್ಧವಾಗುವುದೆಂದು ಒಂದು ಪಕ್ಷ. ಈ ಪಕ್ಷ ಅಪೂರ್ಣ. ಸಂಭವನೀಯ ಕಾರಣಗಳ ಗಣನೆ ಪೂರ್ಣವಾಗಿದೆಯೆಂಬ ನಿಶ್ಚಯವಿದ್ದಾಗ ಮಾತ್ರ ಪರಿಶೇಷ ಸಾಧಕ. ಬಿಸಿಲಿನಲ್ಲಿ, ಮಾಳಿಗೆಯ ಮೇಲೆ, ಅವಸರದಲ್ಲಿ ಮಾಡಿದ ಗಣನೆಗೆ ಆ ನಿಶ್ಚಯ ದುರ್ಲಭ. ಒಂದೇ ಒಂದು ನಿರ್ಣಾಯಕ ಅಳತೆ ಸಾಕು, ನಿರಾಕರಣ ಬೇಡ ಎಂಬುದು ಎದುರು ಪಕ್ಷ. ಅದೂ ಅಪೂರ್ಣ, ಕಾದ ಪ್ರೊಟೆಕ್ಟರ್ ಅಳತೆಯನ್ನು ಹೇಗೆ ವಂಚಿಸುತ್ತದೆಂಬುದು ನಿರೂಪಿತವಾಗಿದೆ. ಆದ್ದರಿಂದ ಸಿದ್ಧಾಂತ: ಅನ್ಯಕಾರಣಗಳ ನಿರಾಕರಣ ಮತ್ತು ಸಾಕ್ಷಾತ್ ಸಾಧಕವಾದ ಅಳತೆ ಎರಡೂ ಕೂಡಿದಲ್ಲಿ ಮಾತ್ರ ಕಂಪ್ರೆಸರ್ ದುಷ್ಟವೆಂಬ ನಿರ್ಣಯ. ಬಲಕ್ಷಯದಲ್ಲಿ ಅಧಿಕ ಹೀರೊತ್ತಡದೊಡನೆ ಅಲ್ಪ ಪ್ರವಾಹ, ಸ್ತಂಭದಲ್ಲಿ ಸರಿಯಾದ ಕೆಪಾಸಿಟರ್ ಮತ್ತು ವೋಲ್ಟೇಜಿನೊಡನೆ ನಿಲ್ಲದ ಗುಂಯ್‌ಕಾರ, ಸುರುಳಿದೋಷದಲ್ಲಿ ತಣಿದ ಕೋಶದ ಮೇಲಿನ ಓಮ್ ಅಥವಾ ಮೆಗರ್ ಅಳತೆ ಆಯಾ ಸಾಧಕಗಳು.

ನಿರ್ಣಯವಾದ ಬಳಿಕ ವಾರಂಟಿ ಕಾರ್ಡನ್ನು ನೋಡಬೇಕು. ಇಡೀ ಯಂತ್ರದ ವಾರಂಟಿ ಮುಗಿದಿದ್ದರೂ ಕಂಪ್ರೆಸರಿಗೆ ಪ್ರತ್ಯೇಕವಾಗಿ ಐದು ಅಥವಾ ಹತ್ತು ವರ್ಷದ ಭರವಸೆ ಕೊಟ್ಟಿರುವುದು ಸಾಮಾನ್ಯ. ಗ್ಯಾಸ್, ಕೂಲಿ, ಸಾಗಣೆಗಳು ಅದರಲ್ಲಿ ಸೇರಿವೆಯೇ ಎಂಬುದನ್ನು ಅಕ್ಷರಶಃ ಓದಿ ತಿಳಿಯಬೇಕು. ವಾರಂಟಿಯಿಲ್ಲದ ಹಳೆಯ ಆರ್-22 ಯಂತ್ರವಾದರೆ, ಆ ಗ್ಯಾಸು ಓಝೋನ್ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದನ್ವಯ ನಿರ್ಗಮಿಸುತ್ತಿರುವುದರಿಂದ, ಕಂಪ್ರೆಸರ್ ಬದಲಾವಣೆಗಿಂತ ಯಂತ್ರಪರಿವರ್ತನೆಯೇ ಬಹುಧಾ ಯುಕ್ತ.

ಕ್ರಿಯೆ ಎಷ್ಟು ಅಪರಾವರ್ತನೀಯವೋ ಅದಕ್ಕೆ ಬೇಕಾದ ಪ್ರಮಾಣವೂ ಅಷ್ಟೇ ದೃಢವಾಗಿರಬೇಕು. ಫಿಲ್ಟರ್ ತೊಳೆಯಲು ಶಂಕೆ ಸಾಕು, ಕೆಪಾಸಿಟರ್ ಬದಲಿಸಲು ಸಂಭಾವನೆ ಸಾಕು, ಕಂಪ್ರೆಸರನ್ನು ಕಿತ್ತುಹಾಕಲು ನಿಶ್ಚಯವೇ ಬೇಕು. ಈ ತಾರತಮ್ಯವನ್ನು ಪಾಲಿಸಿದಲ್ಲಿ ಕೆಡದ ಕಂಪ್ರೆಸರ್ ಗುಜರಿಯ ಪಾಲಾಗುವುದಿಲ್ಲ, ಕೆಟ್ಟ ಕಂಪ್ರೆಸರಿಗೆ ವೃಥಾ ಗ್ಯಾಸ್ ತುಂಬಿಸುವುದೂ ತಪ್ಪುತ್ತದೆ.